ಮೂಡುಗಾಳಿ ಬರುವ ಮೊದಲು

ರಂಜಿತ್ ಅವತ್ತು ಕೂಗಿದ ಕೂಗು ಶ್ರುತಿಯ ಕಿವಿಯಿಂದ ಬಹಳ ದಿನ ಹೋಗಲಿಲ್ಲ. "ದಾಟಿದ್ಲು, ದಾಟಿಬಿಟ್ಲು ನೋಡು" ಎಂದು ಅವನು ಹಗ್ಗ ಹಿಡಿದುಕೊಂಡೇ ಹೆಂಡತಿ ಶ್ರುತಿಯ ಕಡೆ ತಿರುಗಿದ್ದ. ಮೇಲೆ, ಕೊಕ್ಕುಪಾರೆಯ ನಡುವೆ ಹೊರಕ್ಕೆ ಚಾಚಿಕೊಂಡಿದ್ದ ಕಲ್ಲಿನ ಅಂಚನ್ನು ದಾಟಿ, ಅವನ ತಂಗಿ ಮೇಘನಾ ಒಂದು ಕೈಯಲ್ಲಿ ಕಲ್ಲು ಹಿಡಿದು ಇನ್ನೊಂದು ಕೈಯನ್ನು ಸೊಂಟದ ಚೀಲಕ್ಕೆ ಹಾಕಿ ಬೆವರು ಹೀರುವ ಚಾಕ್ ಪುಡಿ ಹಚ್ಚಿಕೊಳ್ಳುತ್ತಿದ್ದಳು. ಹಿತ್ತಲಲ್ಲಿ ಬಟ್ಟೆ ಒಣಗಿಸುವವಳ ಹಾಗೆ ಆರಾಮಾಗಿದ್ದಳು.

ಆ ಚಾಚಿನ ಕೆಳಗೆ ಶ್ರುತಿ ಮೂರು ಚಳಿಗಾಲ ಕಳೆದಿದ್ದಳು.

ಕೊಕ್ಕುಪಾರೆ ವಯನಾಡಿನ ಪನಮರಂ ದಾಟಿ ಸ್ವಲ್ಪ ದೂರದಲ್ಲಿ, ಕಾಫಿ ತೋಟಗಳ ಹಿಂದೆ ಎದ್ದು ನಿಂತ ಬಂಡೆ. ಮೂಡಣಕ್ಕೆ ಮುಖ ಮಾಡಿದ ಅದರ ಮೈಯಲ್ಲಿ ಹತ್ತುವ ದಾರಿಯೊಂದಿದೆ ಎಂದು ಮೊದಲು ಕಂಡವಳು ಶ್ರುತಿ. ಮೈಸೂರಿನಲ್ಲಿ ಓದುವಾಗ ಕಲಿತ ಹವ್ಯಾಸವನ್ನು ಅವಳು ಮದುವೆಯಾಗಿ ಬಂದ ಮೇಲೂ ಬಿಟ್ಟಿರಲಿಲ್ಲ. ಗಂಡನಿಗೂ ಅದರ ರುಚಿ ಹತ್ತಿಸಿದ್ದಳು. ಇಬ್ಬರೂ ಸೇರಿ ಪಾಚಿ ಕೆರೆದು, ಸಡಿಲ ಕಲ್ಲು ಕಿತ್ತು, ಅಲ್ಲಲ್ಲಿ ಬೋಲ್ಟು ಬಿಗಿದು ಆ ದಾರಿಯನ್ನು ಸಿದ್ಧಮಾಡಿದ್ದರು. ಹತ್ತುವವರು ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಒಂದೊಂದೇ ಬೋಲ್ಟಿಗೆ ಸಿಕ್ಕಿಸಿಕೊಂಡು ಮೇಲೆ ಹೋಗಬೇಕು. ಕೆಳಗೊಬ್ಬರು ಹಗ್ಗ ಹಿಡಿದು ನಿಂತಿರಬೇಕು. ಕೆಳಗೆ ಉದ್ದ ಬಿರುಕು, ನಡುವೆ ಚಾಚು, ಅದರ ಮೇಲೆ ಹಿಡಿಯಲು ಏನೂ ಇಲ್ಲದ ನುಣ್ಣನೆಯ ಇಳಿಜಾರು. ಇಳಿಜಾರಿನಲ್ಲಿ ಇನ್ನೊಂದು ಬೋಲ್ಟು ಹಾಕೋಣ ಎಂದು ರಂಜಿತ್ ಹೇಳಿದಾಗ ಬೇಡ, ಅಲ್ಲಿ ಧೈರ್ಯವೇ ಸಾಕು ಎಂದವಳು ಶ್ರುತಿಯೇ. ಅಷ್ಟೆಲ್ಲ ಮಾಡಿಯೂ ಅವಳು ಚಾಚನ್ನು ದಾಟಿರಲಿಲ್ಲ. ಯಾರೂ ದಾಟಿರಲಿಲ್ಲ.

ದಾರಿ ಸಿದ್ಧಮಾಡಿದವರು ಹತ್ತಿ ಮುಗಿಸುವ ತನಕ ಉಳಿದವರು ಕಾಯುವುದು ಹತ್ತುವವರಲ್ಲಿ ಒಂದು ಮರ್ಯಾದೆ. ಮೇಘನಾ ಅದನ್ನು ಬಲ್ಲವಳೇ. "ಅತ್ತಿಗೆ, ಒಂದ್ಸಲ ನೋಡ್ಲಾ?" ಎಂದು ಕೇಳಿಯೇ ಹಗ್ಗ ಕಟ್ಟಿಕೊಂಡಿದ್ದಳು. ಗಂಡ ಪಕ್ಕದಲ್ಲಿದ್ದ. ಶ್ರುತಿ ನಕ್ಕು, "ನೋಡು, ಬಂಡೆ ಏನು ನಾನು ತವರಿಂದ ತಂದಿದ್ದಾ?" ಎಂದಿದ್ದಳು. ಈಗ ಆ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ.

ಇಳಿಜಾರು ಒದ್ದೆಯಾಗಿದೆ ಎಂದು ಮೇಘನಾ ಅವತ್ತು ಅಲ್ಲಿಂದಲೇ ಇಳಿದು ಬಂದಳು. ಇಳಿದವಳು ಅತ್ತಿಗೆಯ ಕೈ ಹಿಡಿದುಕೊಂಡು, "ನೀವು ಹೇಳಿದ ಹಾಗೇ ಕಾಲು ಇಟ್ಟೆ, ಅಷ್ಟೇ" ಎಂದಳು. ಆ ಹುಡುಗಿಗೆ ಮೊದಲು, ತೋಟದಲ್ಲಿ ಮೆಣಸು ಕೊಯ್ಯುವ ಏಣಿಯ ಮೇಲೆ, ಕಾಲಿಡುವುದನ್ನು ಕಲಿಸಿದ್ದು ಶ್ರುತಿ. ಅದೂ ನಿಜವೇ. ಆದರೆ ಆ ವಿನಯ ಅವಳಿಗೆ ಇನ್ನಷ್ಟು ಚುಚ್ಚಿತು.

ಆ ಸಂಜೆ ಊಟಕ್ಕೆ ಕೂತಾಗಲೂ ಅದೇ ಮಾತು. ಹೊತ್ತು ಮುಳುಗುವ ಮೊದಲು ಉಣ್ಣುವ ಜೈನರ ಮನೆ ಅದು. ಎಲ್ಲರೂ ಒಟ್ಟಿಗೇ ಕೂರುವುದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. "ಅಮ್ಮಾ, ಇವಳ ಕೈ ನಮ್ಮ ಥರದ ಕೈ ಅಲ್ಲ" ಎಂದು ರಂಜಿತ್ ತಾಯಿಗೆ ಹೇಳಿದ. ಪದ್ಮಾವತಿಯಮ್ಮ ಮಗಳ ತಟ್ಟೆಗೆ ತುಪ್ಪ ಬಡಿಸುತ್ತ, "ಕೈ ಮುರ್ಕೊಳ್ಳದೇ ಇದ್ರೆ ಸಾಕು" ಎಂದರು. ನಮ್ಮ ಥರದ ಎಂಬ ಮಾತಿನಲ್ಲಿ ಗಂಡ ಶ್ರುತಿಯನ್ನೂ ಸೇರಿಸಿದ್ದ. ಮೊದಲೆಲ್ಲ ಅವನು ಅವಳ ಕೈಯನ್ನು ಹೊಗಳುತ್ತಿದ್ದ. ಭಾನುವಾರ ಬಂದರೆ ಅವಳ ಹಗ್ಗ ಹಿಡಿಯಲು ಅವನೇ ಮೊದಲು ಬೂಟು ಹಾಕಿ ನಿಲ್ಲುತ್ತಿದ್ದ. ಮೇಘನಾ ಕಲ್ಪೆಟ್ಟದಲ್ಲಿ ಓದು ಮುಗಿಸಿ ಮನೆಗೆ ಬಂದ ಮೇಲೆ ಆ ಬೂಟು ಬೇರೆಯವರಿಗಾಗಿ ಹೊರಬೀಳುತ್ತಿತ್ತು.

ಶ್ರುತಿಗೆ ಇನ್ನೊಂದು ಗೊತ್ತಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಚಾಚಿನ ಅಂಚಿನಲ್ಲಿರುವ ಹಿಡಿ ಇಳಿಜಾರಾದದ್ದು. ಬೆರಳು ಕೊಕ್ಕೆಯಂತೆ ಸಿಕ್ಕುವುದಿಲ್ಲ, ಅಂಗೈಯ ಚರ್ಮ ಕಲ್ಲಿಗೆ ಅಂಟಿದರೆ ಮಾತ್ರ ನಿಲ್ಲುತ್ತದೆ. ಬೆವರಿದರೆ ಜಾರಿತು. ಗಾಳಿಯಲ್ಲಿ ಪಸೆ ಇದ್ದರೆ ಕಲ್ಲು ನೋಡಲು ಒಣಗಿದ್ದರೂ ಎಣ್ಣೆ ಸವರಿದಂತೆ ಜಾರುತ್ತದೆ. ಚಳಿ ಇದ್ದು, ಮೈಸೂರು ಕಡೆಯಿಂದ ಒಣ ಮೂಡುಗಾಳಿ ಬೀಸಿದರೆ ಅದೇ ಕಲ್ಲು ಮರಳು ಕಾಗದದಂತೆ ಕೈ ಹಿಡಿಯುತ್ತದೆ. ಶ್ರುತಿಯ ಬೆರಳುಗಳಿಗೆ ಅಂಥ ದಿನವೇ ಬೇಕು. ಹಾಗಾಗಿಯೇ ಅವಳು ವರ್ಷಗಟ್ಟಲೆ ಆಕಾಶ ನೋಡಿದ್ದಳು, ಉಪ್ಪಿನ ಭರಣಿಯಲ್ಲಿ ಉಪ್ಪು ಮುದ್ದೆಯಾಗಿದೆಯೇ ಎಂದು ಮುಟ್ಟಿದ್ದಳು, ಅಂಗಳದ ಕಳದಲ್ಲಿ ಹರವಿದ ಕಾಫಿ ಹಣ್ಣು ಎಷ್ಟು ಬೇಗ ಸುಕ್ಕುಗಟ್ಟುತ್ತದೆ ಎಂದು ಕಾದಿದ್ದಳು. ಮೇಘನಾಗೆ ಇದಾವುದರ ಹಂಗೂ ಇರಲಿಲ್ಲ. ಅವಳು ಪಸೆಯ ದಿನವೇ ಬರಿಯ ಬೆರಳ ಬಲದಿಂದ ಚಾಚು ದಾಟಿದ್ದಳು. ಶ್ರುತಿ ಹವೆಯನ್ನು ಕಲಿತದ್ದೇ ಬಲ ಸಾಲದೆ ಹೋದದ್ದಕ್ಕೆ ಎಂಬುದು ಆ ಊಟದ ಹೊತ್ತಿನಲ್ಲಿ ಅವಳಿಗೆ ಹೊಳೆಯಿತು.

ಆದರೆ ಇಳಿಜಾರಿಗೆ ಬಲ ಸಾಲದು. ಅಲ್ಲಿ ಶೂವಿನ ರಬ್ಬರು ಕಲ್ಲಿಗೆ ಅಂಟಬೇಕು, ಅದಕ್ಕೆ ಕಲ್ಲು ಒಣಗಿರಬೇಕು. ಆ ವರ್ಷ ತುಲಾವರ್ಷದ ಹಿಂಗಾರು ಮಳೆ ಮುಗಿಯುವ ಲಕ್ಷಣವೇ ಇರಲಿಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು, ಸಂಜೆ ಜಡಿಮಳೆ. ಡಿಸೆಂಬರ್ ಹುಟ್ಟಿದರೂ ಇಳಿಜಾರಿನ ನಡುವಿನ ಕಪ್ಪು ಗೆರೆಯಲ್ಲಿ ನೀರು ಜಿನುಗುತ್ತಲೇ ಇತ್ತು. ಮೇಘನಾ ದಿನಾ ಸಂಜೆ ಫೋನಿನಲ್ಲಿ ಹವಾಮಾನ ನೋಡಿ, ಆಮೇಲೆ ಫೋನು ಪಕ್ಕಕ್ಕಿಟ್ಟು ಅತ್ತಿಗೆಯನ್ನು ಕೇಳುತ್ತಿದ್ದಳು.

"ಅತ್ತಿಗೆ, ಇದು ಮಳೆ ಹೋಯ್ತು ಅಂತಿದೆ. ಪಾರೆ ಒಣಗಿರುತ್ತಾ?"

"ಇಲ್ಲ ಮೇಘಾ. ಒರತೆ ನಿಲ್ಲೋಕೆ ಇನ್ನೂ ದಿನ ಬೇಕು."

"ಮುಂದಿನ ವಾರ?"

"ಮುಂದಿನ ವಾರಾನೂ ಕಷ್ಟ. ನೋಡೋಣ."

ಮೊದಮೊದಲು ಇದು ನಿಜವಿತ್ತು. ಒಂದು ಮಂಗಳವಾರ ಸಂಜೆ ಕಳದ ಕಾಫಿಯ ಮೇಲಿಂದ ತಣ್ಣನೆಯ ಒಣಗಾಳಿ ಹಾದುಹೋಯಿತು. ದೂರದ ಬೆಟ್ಟದ ಅಂಚು ಕತ್ತರಿಯಿಂದ ಕತ್ತರಿಸಿದಂತೆ ಚೊಕ್ಕವಾಗಿ ಕಂಡಿತು. ಮೂಡುಗಾಳಿ ಬಂದಿತ್ತು. ಆ ಸಂಜೆಯೂ ಮೇಘನಾ ಕೇಳಿದಳು. ಶ್ರುತಿ ಅದೇ ದನಿಯಲ್ಲಿ, "ಇನ್ನೂ ಇಲ್ಲ, ಸ್ವಲ್ಪ ತಡಿ" ಎಂದಳು. ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಎತ್ತಿಟ್ಟಳು.

ಗುರುವಾರ ಪನಮರಂ ಪೇಟೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಅವಳು ಕೊಕ್ಕುಪಾರೆಗೆ ಹೋದಳು. ಹಗ್ಗ ಹಿಡಿಯಲು ಬತ್ತೇರಿಯ ಕಡೆಯ ಕೇತನ್‌ನನ್ನು ಕರೆದಿದ್ದಳು. ಪ್ರವಾಸಿಗರನ್ನು ಗುಡ್ಡ ಹತ್ತಿಸುವ ಕೆಲಸ ಅವನದು, ಅರ್ಧ ಕನ್ನಡ ಅರ್ಧ ಮಲಯಾಳ ಆಡುವ ಮನುಷ್ಯ. ಬಂಡೆಯ ಬುಡದಲ್ಲಿ ನಿಂತು ಅವನು ಮೇಲೆ ನೋಡಿದ.

"ಚೇಚ್ಚಿ, ಆ ಕರಿ ಗೆರೆ ಹೊಳೀತಿದೆ ಅಲ್ವಾ? ಎರಡು ದಿನ ಬಿಡ್ಬಹುದಿತ್ತು."

"ಗಾಳಿ ಇದೆ. ನಾನು ಹೋಗೋ ಹೊತ್ತಿಗೆ ಸರಿಯಾಗುತ್ತೆ."

"ಶರಿ. ನಿಮಗೆ ಗೊತ್ತಿಲ್ಲದ್ದಾ."

ಬೇರೆ ವರ್ಷವಾಗಿದ್ದರೆ ಅವಳೇ ಆ ಮಾತು ಹೇಳುತ್ತಿದ್ದಳು. ಇಷ್ಟು ಮಳೆ ಕುಡಿದ ಬಂಡೆಯ ಹೊರಮೈ ಗಾಳಿಗೆ ಬೇಗ ಒಣಗುತ್ತದೆ, ಒಳಗಿನ ನೀರು ಮಾತ್ರ ಬಿರುಕುಗಳಿಂದ ಇಳಿಯುತ್ತಲೇ ಇರುತ್ತದೆ. ಆದರೆ ಎರಡು ದಿನ ಬಿಟ್ಟರೆ ಶನಿವಾರ. ಶನಿವಾರ ಮೇಘನಾ ಬಂಡೆಗೆ ಹೊರಡುವ ದಿನ. ಶ್ರುತಿ ಶೂ ಬಿಗಿದುಕೊಂಡಳು.

ಬಿರುಕು ಸುಲಭವಾಗಿ ಕಳೆಯಿತು. ಚಾಚಿನ ಕೆಳಗೆ ಬಂದು ಅವಳು ಉಸಿರು ಹಿಡಿದು ಅಂಚಿನ ಮೇಲೆ ಅಂಗೈ ಇಟ್ಟಳು. ಕಲ್ಲು ಕಚ್ಚಿ ಹಿಡಿಯಿತು. ಎಂದೂ ಹೀಗೆ ಹಿಡಿದಿರಲಿಲ್ಲ. ಕಾಲು ಎತ್ತಿದಳು, ಸೊಂಟ ಮೇಲೆ ಬಂತು, ಇನ್ನೊಂದು ಕೈ ಚಾಚಿದಳು. ಆ ಕೈ ಹೋಗಿ ಬಿದ್ದದ್ದು ಸರಿಯಾಗಿ ಜಿನುಗಿನ ಮೇಲೆ. ತಣ್ಣಗೆ, ಲೋಳೆಯಾಗಿ ಏನೋ ತಾಕಿದ್ದಷ್ಟೇ ಗೊತ್ತು. ಮರುಕ್ಷಣ ಅವಳು ಹಗ್ಗದಲ್ಲಿ ತೂಗಾಡುತ್ತಿದ್ದಳು. ಬಲಗೈ ಬೆರಳುಗಳ ಚರ್ಮ ಕಿತ್ತುಬಂದು ರಕ್ತ ಮೊಣಕೈವರೆಗೆ ಇಳಿದಿತ್ತು.

ಪೇಟೆಗೆ ಹೋದವಳು ಕೈಗೆ ಪಟ್ಟಿ ಸುತ್ತಿಕೊಂಡು ಬಂದರೆ ಯಾರು ನಂಬುತ್ತಾರೆ? ಕಾರಿನ ಬಾಗಿಲಿಗೆ ಸಿಕ್ಕಿತು ಎಂದಳು. ಪದ್ಮಾವತಿಯಮ್ಮ ಅರಿಸಿನ ಹಚ್ಚಲು ಬಂದರು. ಮೇಘನಾ ಕೈಯನ್ನು ನೋಡಿದಳು, ಉಗುರಿನ ಸಂದಿಯಲ್ಲಿ ಉಳಿದಿದ್ದ ಬಿಳಿ ಪುಡಿಯನ್ನೂ ನೋಡಿದಳು. ಮರುದಿನ ಅಂಗಳದಲ್ಲಿ ಕಾಫಿ ಕೆದಕುವಾಗ ಮೆಲ್ಲಗೆ ಹೇಳಿದಳು.

"ಕೇತನ್ ಚೇಟನ್ ಫೋನ್ ಮಾಡಿದ್ರು. ನಿಮ್ಮ ಕೈ ಹೇಗಿದೆ ಅಂತ ಕೇಳಿದ್ರು."

ಶ್ರುತಿ ಕೆದಕುವುದನ್ನು ನಿಲ್ಲಿಸಲಿಲ್ಲ.

"ಪಾರೆ ಒಣಗಿಲ್ಲ ಅಂದಿದ್ರಲ್ಲ ಅತ್ತಿಗೆ."

"ಒಣಗಿರಲಿಲ್ಲ" ಎಂದಳು ಶ್ರುತಿ. ಅದಕ್ಕಿಂತ ನಿಜವಾದ ಮಾತು ಅವಳ ಬಾಯಿಂದ ಆ ವಾರದಲ್ಲಿ ಬಂದಿರಲಿಲ್ಲ, ಆದರೂ ಮುಖ ಎತ್ತಿ ಹೇಳಲಾಗಲಿಲ್ಲ.

ಮೇಘನಾ ಕಾಫಿಯ ಇನ್ನೊಂದು ಸಾಲು ಕೆದಕಿ, "ನಾಳೆ ನಾನು ಹೋಗ್ತೀನಿ. ಅಣ್ಣನಿಗೆ ಹಣ್ಣು ಕೊಯ್ಯೋರು ಬರ್ತಾರಂತೆ, ಬರೋಕಾಗಲ್ಲ. ನೀವು ಹಗ್ಗ ಹಿಡೀತೀರಾ?" ಎಂದಳು. ಸಿಟ್ಟಿನ ಮಾತಲ್ಲ ಅದು. ಹಾಗೆ ಕೇಳುವ ಬದಲು ಜಗಳವಾಡಿದ್ದರೆ ಶ್ರುತಿಗೆ ಹಗುರಾಗುತ್ತಿತ್ತು. ಬರುವುದಿಲ್ಲ ಎನ್ನಲು ಅವಳಿಗೆ ಮುಖವಿರಲಿಲ್ಲ.

ಶನಿವಾರ ಬೆಳಿಗ್ಗೆ ಬಂಡೆ ನೋಡಿದಾಗ ಶ್ರುತಿಯ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಕಪ್ಪು ಗೆರೆ ಬೂದಿ ಬಣ್ಣಕ್ಕೆ ತಿರುಗಿತ್ತು. ಇಬ್ಬನಿ ಆರಿತ್ತು, ಬಿಸಿಲು ಇನ್ನೂ ಕಾವೇರಿರಲಿಲ್ಲ. ಇದು ಅವಳ ದಿನ, ಮೂರು ವರ್ಷ ಕಾದ ದಿನ, ಅವಳ ಕೈಗೆ ಪಟ್ಟಿ. ಮೇಘನಾ ಹಗ್ಗ ಕಟ್ಟಿಕೊಂಡಳು. ಶ್ರುತಿ ಗಂಟನ್ನು ನೋಡಿ ತಲೆಯಾಡಿಸಿದಳು.

ಅಷ್ಟರಲ್ಲಿ ಗಾಳಿ ನಿಂತಿತು.

ಎಲೆಗಳು ಅಲ್ಲಾಡದಾದವು. ಒಂದು ಗಳಿಗೆಯ ಮೇಲೆ ಕೆನ್ನೆಗೆ ಬೇರೆ ಗಾಳಿ ತಾಕಿತು, ಬೆಚ್ಚಗೆ, ಪಸೆಯಾಗಿ. ಶ್ರುತಿ ತಿರುಗಿದಳು. ಬಂಡೆಯ ಬಲಬದಿಯಲ್ಲಿ, ಪಡುವಣ ಘಾಟಿಯ ಕಡೆಯಿಂದ, ಮರಗಳ ನೆತ್ತಿಯ ಮೇಲೆ ಬಿಳಿ ಮೋಡ ತೆವಳಿಕೊಂಡು ಬರುತ್ತಿತ್ತು. ಕೋಡಮಂಜು. ಅದು ಬಂದು ತಲುಪುವ ಹೊತ್ತಿಗೆ ಮೇಘನಾ ಎಲ್ಲಿರುತ್ತಾಳೆ ಎಂದು ಅವಳ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಇಳಿಜಾರಿನ ನಟ್ಟನಡುವೆ.

ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಈಗ ಬೇಡ ಎಂದರೆ ಇದೂ ಹೊಟ್ಟೆಕಿಚ್ಚಿನ ಮಾತು ಅಂದುಕೊಳ್ಳುತ್ತಾಳೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದರ ಕೆಳಗೆ ಇನ್ನೊಂದು ಆಸೆ ಇತ್ತು, ಅದನ್ನೂ ಅವಳು ಕಂಡಳು. ಜಾರಲಿ. ಒಂದೇ ಒಂದು ಸಲ ಈ ಹುಡುಗಿಯೂ ಜಾರಲಿ.

"ಹೋಗ್ಲಾ ಅತ್ತಿಗೆ?"

"ಹೋಗು."

ಮೇಘನಾ ಬಿರುಕು ಹತ್ತಿದಳು. ಚಾಚನ್ನು ಮೊದಲಿಗಿಂತ ಸಲೀಸಾಗಿ ದಾಟಿದಳು. ಅಂಚಿನ ಮೇಲಿನ ಕೊನೆಯ ಬೋಲ್ಟಿಗೆ ಹಗ್ಗ ಸಿಕ್ಕಿಸಿ ಇಳಿಜಾರಿಗೆ ಕಾಲಿಟ್ಟಳು. ಅಂಗಾಲನ್ನು ಕಲ್ಲಿಗೆ ಒತ್ತಿ ಒಂದೊಂದೇ ಹೆಜ್ಜೆ ಮೇಲೆ ಹೋಗುತ್ತಿದ್ದಳು. ಶ್ರುತಿ ಹಗ್ಗ ಬಿಡುತ್ತಿದ್ದಳು, ಗಾಯದ ಬೆರಳು ಪಟ್ಟಿಯೊಳಗೆ ಮಿಡಿಯುತ್ತಿತ್ತು. ಆಮೇಲೆ ಬಂಡೆಯ ನೆತ್ತಿ ಕಾಣದಾಯಿತು. ಮಂಜು ಮೇಲಿಂದ ಇಳಿದು ಬಲಭಾಗವನ್ನೆಲ್ಲ ಮುಚ್ಚಿತು. ಮೇಘನಾ ನಿಂತಳು.

"ಅತ್ತಿಗೆ." ದನಿ ತೆಳ್ಳಗಿತ್ತು. "ಕಾಲು ಜಾರ್ತಿದೆ. ಕಲ್ಲು ಬೆವರಿದ ಹಾಗಾಗಿದೆ."

"ವಾಪಸ್ ಬರೋಕಾಗುತ್ತಾ?"

"ಇಲ್ಲ. ಕೆಳಗೆ ಕಾಲು ಎಲ್ಲಿಡ್ಬೇಕು ಕಾಣ್ತಿಲ್ಲ."

ಕೊನೆಯ ಬೋಲ್ಟು ಅವಳ ಕಾಲಿನಿಂದ ಬಹಳ ಕೆಳಗಿತ್ತು. ಅಲ್ಲಿಂದ ಬಿದ್ದರೆ ಹಗ್ಗ ಬಿಗಿಯುವ ಮೊದಲೇ ಮೈ ಚಾಚಿನ ಅಂಚಿಗೆ ಬಡಿಯುತ್ತದೆ. ಇನ್ನೊಂದು ಬೋಲ್ಟು ಬೇಡ ಎಂದವಳು ಕೆಳಗೆ ನಿಂತಿದ್ದಳು. ಮೇಘನಾಳ ಬಲಗಾಲು ನಡುಗುವುದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಆ ಕಾಲು ಕಂಡ ಕೂಡಲೇ ಶ್ರುತಿಗೆ ಬೇರೆಲ್ಲ ಮರೆತುಹೋಯಿತು. ಏಣಿಯ ಮೇಲೆ ಮೊದಲು ನಡುಗಿದ್ದೂ ಅದೇ ಕಾಲು.

"ಮೇಘಾ, ನಾನು ಹೇಳೋದು ಕೇಳು. ಹಿಮ್ಮಡಿ ಕೆಳಗೆ ಬಿಡು. ಉಸಿರು ಬಿಡು. ಎಡಗಡೆ ಕೈ ಇಟ್ಟು ನೋಡು, ಅಲ್ಲೂ ಒದ್ದೆನಾ?"

ಮೇಲೆ ಒಂದು ಕೈ ಮೆಲ್ಲಗೆ ಎಡಕ್ಕೆ ಚಾಚಿ ಕಲ್ಲು ಸವರಿತು. "ಇಲ್ಲ. ಬೆಚ್ಚಗಿದೆ."

"ಬೆಳಿಗ್ಗೆಯಿಂದ ಬಿಸಿಲು ಬಿದ್ದ ಕಲ್ಲು ಅದು. ಬೆಚ್ಚಗಿರೋ ತನಕ ಮಂಜು ಅಲ್ಲಿ ನೀರಾಗಲ್ಲ. ಎಡಕ್ಕೇ ಹೋಗು, ಮೇಲಕ್ಕಲ್ಲ. ಅಡ್ಡಕ್ಕೆ. ಮೊಣಕಾಲೆತ್ತರದಲ್ಲಿ ಕಾಸಿನಗಲ ಒಂದು ಉಬ್ಬು ಇದೆ, ಬೆರಳಲ್ಲಿ ಸವರು, ಸಿಗುತ್ತೆ."

ಆ ದಾರಿಯನ್ನು ಶ್ರುತಿ ಒಮ್ಮೆ ಹಿಂಬದಿಯಿಂದ ಬಂಡೆಯ ನೆತ್ತಿಗೆ ಹೋಗಿ, ಹಗ್ಗದಲ್ಲಿ ಇಳಿದು ಒಬ್ಬಳೇ ಹುಡುಕಿದ್ದಳು. ಗಂಡನಿಗೂ ಹೇಳದೆ ತನಗೆಂದು ಇಟ್ಟುಕೊಂಡಿದ್ದಳು. ಈಗ ಒಂದೊಂದೇ ಹೆಜ್ಜೆಯನ್ನು ಕೂಗಿ ಹೇಳಿದಳು. ಉಬ್ಬು ಆದ ಮೇಲೆ ಗೀರು, ಗೀರು ಆದ ಮೇಲೆ ಅಂಗೈ ಊರುವ ಗುಳಿ, ಅಲ್ಲಿಂದ ನೇರ ಮೇಲಕ್ಕೆ, ನಿಲ್ಲಬೇಡ, ನಿಂತರೆ ಕಲ್ಲು ತಣ್ಣಗಾಗುತ್ತದೆ. ಮೇಘನಾ ಮಂಜಿನಲ್ಲಿ ಮರೆಯಾದಳು. ಹಗ್ಗ ಮಾತ್ರ ಶ್ರುತಿಯ ಕೈಯಿಂದ ಸ್ವಲ್ಪ ಸ್ವಲ್ಪವೇ ಮೇಲೆ ಹೋಗುತ್ತಿತ್ತು. ಆಮೇಲೆ ಅದೂ ನಿಂತಿತು. ಕೊನೆಗೆ ಮೇಲಿಂದ ದನಿ ಬಂತು.

"ಬಂದೆ ಅತ್ತಿಗೆ. ಮೇಲಿದ್ದೀನಿ."

ದೇವರೇ ಎಂದುಕೊಂಡಳು ಶ್ರುತಿ. ಅದರ ಬೆನ್ನಿಗೇ, ಹತ್ತಿಬಿಟ್ಟಳು ಎಂಬ ನೋವೂ ಬಂತು.

ಹಗ್ಗದಲ್ಲಿ ಇಳಿದು ಬಂದ ಮೇಘನಾ ಒದ್ದೆ ಹುಲ್ಲಿನ ಮೇಲೆ ಕೂತಳು. ಶೂವಿನ ಗಂಟು ಬಿಚ್ಚಲಾಗಲಿಲ್ಲ. ಶ್ರುತಿಯೇ ಕೂತು ಲೇಸು ಬಿಚ್ಚಿದಳು.

"ಈ ಮಂಜು ಬರೋದು ನಿಮಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹವೆಗೆ ಯಾರು ಗ್ಯಾರಂಟಿ ಕೊಡುತ್ತಾರೆ?

"ಗೊತ್ತಾಯ್ತು" ಎಂದಳು ಶ್ರುತಿ. "ನೀನು ಕಾಲಿಡೋ ಮೊದಲೇ ನೋಡಿದ್ದೆ."

"ಮತ್ತೆ ಹೇಳ್ಲಿಲ್ಲ."

"ನೀನು ಜಾರಲಿ ಅನ್ನಿಸ್ತು."

ಮೇಘನಾ ಅವಳನ್ನೇ ನೋಡಿದಳು. ಕಾಲನ್ನು ಮೆಲ್ಲಗೆ ಅತ್ತಿಗೆಯ ಕೈಯಿಂದ ಎಳೆದುಕೊಂಡು ಇನ್ನೊಂದು ಶೂವನ್ನು ತಾನೇ ಬಿಚ್ಚಿದಳು.

ಅವರು ಮನೆಗೆ ಬಂದಾಗ ರಂಜಿತ್ ಕಳದಲ್ಲಿ ಕಾಫಿಗೆ ಟಾರ್ಪಾಲು ಹೊದಿಸುತ್ತಿದ್ದ. ಸುದ್ದಿ ಕೇಳಿ ತಂಗಿಯನ್ನು ಎತ್ತಿಯೇಬಿಟ್ಟ. "ಹವೆ ಕೆಟ್ಟಿತ್ತು ಅಣ್ಣ. ಅತ್ತಿಗೆ ದಾರಿ ಹೇಳಿದ್ರು, ಬಂದೆ" ಎಂದಳು ಮೇಘನಾ. ಅಷ್ಟೇ ಹೇಳಿದಳು. ಉಳಿದದ್ದನ್ನು ಅವತ್ತೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಶ್ರುತಿಗೆ ಅದನ್ನು ತಾಳುವುದು ಕಷ್ಟವಾಯಿತು. ಬೆರಳಿನ ಬಲ ಇದ್ದದ್ದು ಸಾಲದೆಂದು ಈ ದೊಡ್ಡತನವೂ ಮೇಘನಾಗೇ ಇರಬೇಕೆ ಎಂದು ಆ ವಾರವೆಲ್ಲ ಒಳಗೊಳಗೇ ಉರಿದಳು. ಆಮೇಲೆ ಒಂದು ದಿನ ಗಂಡನನ್ನು ಕರೆದುಕೊಂಡು ಹೋಗಿ, ನೆತ್ತಿಯಿಂದ ಹಗ್ಗದಲ್ಲಿ ಇಳಿದು, ಇಳಿಜಾರಿನ ನಡುವೆ ಬೋಲ್ಟು ಬಿಗಿದು ಬಂದಳು. ಯಾಕೆ ಎಂದು ರಂಜಿತ್ ಕೇಳಿದಾಗ, "ಅಲ್ಲಿ ಮಂಜು ಬರುತ್ತೆ" ಎಂದಷ್ಟೇ ಹೇಳಿದಳು.

ಮೇಘನಾ ಕೆಲವು ವಾರ ಕೇತನ್ ಗುಂಪಿನ ಜೊತೆ ಬೇರೆ ಬಂಡೆಗಳಿಗೆ ಹೋದಳು. ಮನೆಯಲ್ಲಿ ಅತ್ತಿಗೆ ಎಂದು ಕರೆಯುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು, ಹವೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಕೂತಿತ್ತು. ಮೂಡುಗಾಳಿ ಮೂಗಿನ ತುದಿ ಕೊರೆಯುತ್ತಿತ್ತು. ಶ್ರುತಿ ಹಗ್ಗದ ಚೀಲವನ್ನು ಜಗಲಿಗೆ ತಂದಿಟ್ಟು ಗಂಡನನ್ನು ಹುಡುಕುತ್ತಿದ್ದಾಗ ಮೇಘನಾ ಬೂಟು ಹಾಕಿಕೊಂಡು ಹೊರಗೆ ಬಂದಳು. "ಅಣ್ಣ ಪೇಟೆಗೆ ಹೋದ. ನಾನು ಬರ್ತೀನಿ" ಎಂದಳು.

ಆ ದಿನ ಚಾಚಿನ ಕಲ್ಲು ಶ್ರುತಿಯ ಅಂಗೈಯನ್ನು ಬಿಡಲಿಲ್ಲ. ದಾಟುವಾಗ ಕೆಳಗಿನಿಂದ ಕೂಗು ಬರಲಿಲ್ಲ, ಹಗ್ಗ ಬೇಕಾದಷ್ಟೇ ಸಡಿಲವಾಗುತ್ತಿತ್ತು. ಇಳಿಜಾರಿನಲ್ಲಿ ಅವಳಿಗೆ ಕಲ್ಲು ಬಿಟ್ಟು ಬೇರೇನೂ ನೆನಪಿರಲಿಲ್ಲ. ನೆತ್ತಿಗೆ ಬಂದು, ಹಗ್ಗ ಕಟ್ಟಿ, ಮೇಘನಾಳನ್ನು ಮೇಲೆ ಬರಮಾಡಿಕೊಳ್ಳುವಾಗ, ತಾನು ಎರಡನೆಯವಳು ಎಂಬುದು ನೆನಪಾಯಿತು. ಮೇಘನಾ ಪಟಪಟನೆ ಹತ್ತಿ ಬಂದು ಪಕ್ಕದಲ್ಲಿ ಕೂತಳು. ಕಬಿನಿಯ ಕಡೆಯ ಗದ್ದೆಗಳು ದೂರದವರೆಗೆ ಚೊಕ್ಕವಾಗಿ ಕಾಣುತ್ತಿದ್ದವು.

"ನನ್ನ ಮೇಲೆ ಇನ್ನೂ ಇದೆಯಾ ಅತ್ತಿಗೆ, ಅದು?"

"ಇದೆ" ಎಂದಳು ಶ್ರುತಿ. "ನಿನಗೆ ನನ್ನ ಮೇಲೆ ಸಿಟ್ಟು?"

"ಇದೆ. ಸ್ವಲ್ಪ."

"ಶರಿ."

ಮೇಘನಾ ಚೀಲದಿಂದ ಕಿತ್ತಳೆ ಹಣ್ಣು ತೆಗೆದು ಸುಲಿದಳು. ಗಾಳಿ ಸಿಪ್ಪೆಯನ್ನು ಹಾರಿಸಿಕೊಂಡು ಹೋಗುತ್ತಿತ್ತು, ಶ್ರುತಿ ಕೈ ಅಡ್ಡ ಹಿಡಿದು ಅದನ್ನು ಚೀಲಕ್ಕೆ ತುಂಬಿದಳು. ಇಬ್ಬರೂ ತಿಂದು ಮುಗಿಸಿ, ಬಿಸಿಲು ಏರುವ ಮೊದಲೇ ಇಳಿಯಲು ಹಗ್ಗ ಕಟ್ಟತೊಡಗಿದರು.